ಧೂಪ ಕುಡಿದ ಕಾರ್ಡು

ಬೆಂಚಿಗೆ ಬಿಗಿದಿದ್ದ ವೈಸಿನ ಎರಡು ಕಬ್ಬಿಣದ ದವಡೆಗಳ ನಡುವೆ ತೌಸೀಫನ ಬಲಗೈ ಬೆರಳುಗಳಿದ್ದವು. ದವಡೆ ಬಿಗಿ ಮಾಡುವ ಹಿಡಿಕೆಯ ಮೇಲೆ ಪರಶುರಾಮನ ಕೈಯಿತ್ತು. ಟೂಲ್ ಬ್ಯಾಗ್ ತಬ್ಬಿಕೊಂಡು ದಾವಣಗೆರೆಯಿಂದ ಹರಿಹರಕ್ಕೆ ಓಡಿಬಂದಿದ್ದ ಕಂಪ್ಯೂಟರ್ ರಿಪೇರಿಯ ಗುಲ್ನಾಜ್, ಅಣ್ಣನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಬಾರವ್ವಾ ಡಾಕ್ಟ್ರಮ್ಮಾ," ಎಂದ ಪರಶುರಾಮ. "ನಿಮ್ಮಣ್ಣ ನನ್ನ ಗ್ರಾಫಿಕ್ಸ್ ಕಾರ್ಡ್ ಸುಟ್ಟು ಹಾಕ್ಯಾನ. ಒಪ್ಕೊಳ್ಳೋ ಅಂದ್ರೆ ಒಪ್ಪವಲ್ಲ. ನೀನೇ ನೋಡಿ ಹೇಳು. ಅದನ್ನ ಕೆಡಿಸಿದೋರ ಕೈ ಇವತ್ತು ಈ ವೈಸಿನಾಗೆ ಪುಡಿ ಆಗ್ಬೇಕು, ಅಷ್ಟೇ."

ಅದು ಅವನಪ್ಪ ಗುತ್ತೆಪ್ಪನ ಲೇತ್ ಶೆಡ್ಡು. ಅಪ್ಪ ತೀರಿದ ಮೇಲೆ ಲೇತನ್ನು ಮೂಲೆಗೆ ತಳ್ಳಿ, ಪರಶುರಾಮ ಹುಡುಗರು ಆಡುವ ಗೇಮಿಂಗ್ ಸೆಂಟರ್ ಮಾಡಿಕೊಂಡಿದ್ದ. ಅವನ ಸ್ವಂತ ಕಂಪ್ಯೂಟರಿನಲ್ಲಿ ಆಟದ ಚಿತ್ರ ಮೂಡಿಸುವ ಆ ಕಾರ್ಡನ್ನು ಮೂರು ತಿಂಗಳ ಹಿಂದೆ ತೌಸೀಫ್ ಓವರ್‌ಕ್ಲಾಕ್ ಮಾಡಿದ್ದ. ಕಂಪನಿ ಇಟ್ಟ ಮಿತಿ ಮೀರಿ ಅದರ ಓಟದ ವೇಗ ಏರಿಸಿದ್ದ. "ಕಾವು ಜಾಸ್ತಿ ಆಗತೈತೆ, ಪಕ್ಕದ ಮುಚ್ಚಳ ತೆಗೆದೇ ಇಡ್ರಿ, ಗಾಳಿ ಆಡ್ಲಿ," ಎಂದೂ ಹೇಳಿ ಹೋಗಿದ್ದ. ನಿನ್ನೆ ಪಂದ್ಯದ ನಡುವೆ ಪರದೆ ಕಪ್ಪಾಗಿ, ಊರ ಹುಡುಗರ ಮುಂದೆ ಪರಶುರಾಮ ನಗೆಪಾಟಲಾಗಿದ್ದ.

"ನಾನು ಸುಟ್ಟಿಲ್ಲ ಗುಲ್ಲೂ," ಎಂದ ತೌಸೀಫ್. ಅವನ ತುಟಿ ಆಗಲೇ ಒಡೆದಿತ್ತು. ಹಿಡಿಕೆ ಕಾಲು ಸುತ್ತು ತಿರುಗಿತು. ಅವನು ಕಿರುಚಿದ ಸದ್ದಿಗೆ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಅವರ ಅಜ್ಜಿ, ನಾನಿ ಖೈರುನ್ನೀಸಾ, ಹೇಳುತ್ತಿದ್ದ ಕಥೆಯಲ್ಲಿ ರಾಕ್ಷಸನ ಗವಿಗೆ ಹೋದ ತಂಗಿ ಅಳುತ್ತಿರಲಿಲ್ಲ. ಮೊದಲು ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳುತ್ತಿದ್ದಳು. ಗುಲ್ನಾಜ್ ಕಂಪ್ಯೂಟರ್ ಮುಂದೆ ಕೂತಳು. ಏರಿಸಿದ್ದ ಓಟವನ್ನೆಲ್ಲ ಇಳಿಸಿ, ಕಾರ್ಡನ್ನು ಮೊದಲಿನ ಸ್ಥಿತಿಗೆ ತಂದು, ಆಟ ಹಚ್ಚಿದಳು. ಒಂದು ನಿಮಿಷ ಓಡಿತು. ಎರಡು. ನಾಲ್ಕನೆಯದಕ್ಕೆ ಪರದೆ ಕಪ್ಪಾಯಿತು.

"ನೋಡಿದ್ಯಾ, ಸತ್ತೈತೆ!" ಪರಶುರಾಮ ಹಲ್ಲು ಕಚ್ಚಿ ತಿರುವಿದ. ಬೆರಳು ಒಣ ಕಡ್ಡಿಯಂತೆ ಲಟಕ್ಕೆಂದಿತು. ತೌಸೀಫನ ಹಣೆ ಬೆಂಚಿಗೆ ಬಡಿಯಿತು.

ಗುಲ್ನಾಜ್ ಕರೆಂಟ್ ತೆಗೆದು ಕಾರ್ಡನ್ನು ಕಿತ್ತಳು. ಅಂಗೈ ಚುರ್ ಎಂದಿತು, ಬಿಡಲಿಲ್ಲ. ಅದರ ಫ್ಯಾನನ್ನು ಬೆರಳಿಂದ ನೂಕಿದಳು. ಬೆಲ್ಲದ ಪಾಕದಲ್ಲಿ ಸಿಕ್ಕ ನೊಣದಂತೆ ಒಂದಿಷ್ಟು ಮಿಸುಕಿ ನಿಂತಿತು. ರೆಕ್ಕೆಗಳ ಹಿಂದೆ, ಕಾವು ಇಳಿಸುವ ತಗಡಿನ ಎಸಳುಗಳ ತುಂಬ, ಕಂದು ಅಂಟು. ಉಗುರಲ್ಲಿ ಕೆರೆದು ಮೂಗಿಗೆ ಹಿಡಿದಳು. ಕಥೆಯಲ್ಲಿ ರಾಕ್ಷಸ ಮನುಷ್ಯರ ವಾಸನೆ ಹಿಡಿಯುತ್ತಿದ್ದ. ಇಲ್ಲಿ ಅವಳಿಗೆ ರಾಕ್ಷಸನ ಮನೆಯ ವಾಸನೆ ಸಿಕ್ಕಿತು. ತಮ್ಮ ಮನೆಯಲ್ಲೂ ಗುರುವಾರ ಸಂಜೆ ಏಳುವ ವಾಸನೆಯೇ.

"ಕಾರ್ಡ್ ಸುಟ್ಟಿಲ್ಲ ಪರಶುರಾಮಣ್ಣಾ. ಇದಕ್ಕೆ ಲೋಬಾನದ ಧೂಪ ಹಾಕೋರು ಯಾರು?"

"ನಾನೇ ಕಣವ್ವಾ." ಶೆಡ್ಡಿನ ಹಿಂದಿನ ಮನೆಯಿಂದ ಧೂಪದ ಕೆಂಡದ ಬಟ್ಟಲು ಹಿಡಿದು ಅವನ ತಾಯಿ ತಿಪ್ಪಮ್ಮ ಬಂದಿದ್ದಳು. "ನಮ್ಮ ಯಜಮಾನ್ರು ಇದ್ದಾಗ ಅಮಾಸೆ ಅಮಾಸೆಗೆ ಲೇತಿಗೆ ಹಾಕ್ತಿದ್ದೆ. ಈಗ ಅನ್ನ ಕೊಡೋದು ಇದಲ್ಲೇನು? ದಿನಾ ಹಾಕ್ತೀನಿ. ಮುಚ್ಚಳ ತೆಗೆದೇ ಇರತೈತಲ್ಲ, ಒಳಗೇ ಹಿಡೀತೀನಿ."

"ಲೇತು ಉಸಿರಾಡಲ್ಲಮ್ಮಾ. ಇದು ಉಸಿರಾಡತೈತೆ. ಹೊಗೆಯೆಲ್ಲ ಎಳಕೊಂಡು, ಅಂಟು ಕಟ್ಟಿ, ಫ್ಯಾನೇ ನಿಂತೈತೆ. ಕಾವು ತಡೀಲಾರದೆ ತಾನೇ ಆರಿಹೋಗತೈತೆ."

ತಿಪ್ಪಮ್ಮ ಆಗ ವೈಸಿನ ಕಡೆ ನೋಡಿದಳು. ಕೆಂಡವನ್ನು ನೆಲಕ್ಕಿಟ್ಟು, ಮಗನ ಕೈ ಸರಿಸಿ, ಹಿಡಿಕೆ ಸಡಿಲಿಸಿ ತೌಸೀಫನ ಕೈ ಬಿಡಿಸಿದಳು. ಅದೇ ಜಾಗಕ್ಕೆ ತನ್ನ ಕೈ ಇಟ್ಟಳು.

"ಕೆಡಿಸಿದೋರ ಕೈ ಅಂದ್ಯಲ್ಲ ಪರಸ್ಯಾ, ಒಳಗೇ ಕೇಳಿಸ್ತು. ತಿರುವು."

ನಾನಿಯ ಕಥೆಗಳಲ್ಲಿ ಎಂಥ ರಾಕ್ಷಸನೂ ತಾಯಿಯೆದುರು ಕರಗಿಹೋಗುತ್ತಿದ್ದ. ಗುಲ್ನಾಜ್ ಅದನ್ನೇ ಕಾಯುತ್ತ ನಿಂತಳು.

"ಊರೆಲ್ಲ ನಗೋ ಹಂಗೆ ಮಾಡಿದ್ಯಲ್ಲೇ!" ಎನ್ನುತ್ತ ಪರಶುರಾಮ ತಿರುವಿದ.

ಬೆರಳುಗಳು ಜಜ್ಜಿಹೋದವು. ತಿಪ್ಪಮ್ಮ ಮಗನ ಮುಖವನ್ನೇ ನೋಡುತ್ತಿದ್ದಳು. ಗುಲ್ನಾಜ್ ಲೇತಿನ ಪಕ್ಕ ತೂಗಿದ್ದ ದೊಡ್ಡ ಸ್ಪ್ಯಾನರ್ ಎಳೆದು ಅವನ ಮೊಣಕೈಗೆ ಬೀಸಿದಳು. ಅವನು ಹಿಡಿಕೆ ಬಿಡಲಿಲ್ಲ. ಇನ್ನೊಮ್ಮೆ ಬೀಸಿದಳು. ಮೂಳೆ ಮುರಿದದ್ದು ಅವಳ ಅಂಗೈಗೇ ತಿಳಿಯಿತು. ಪರಶುರಾಮ ಕೆಂಡದ ಮೇಲೆ ಬಿದ್ದ. ಧೂಪದ ಜೊತೆ ಕೂದಲು ಸುಟ್ಟ ವಾಸನೆ ಎದ್ದಿತು.

ಆಸ್ಪತ್ರೆಗೆ ಹೊರಟ ಆಟೋದಲ್ಲಿ ತಿಪ್ಪಮ್ಮ ಜಜ್ಜಿದ ಕೈಯನ್ನು ಸೆರಗಲ್ಲಿ ಸುತ್ತಿಕೊಂಡು ಅಣ್ಣ-ತಂಗಿಯ ಪಕ್ಕದಲ್ಲೇ ಕೂತಿದ್ದಳು. ದಾರಿಯಲ್ಲಿ ಅವಳು ಗುಲ್ನಾಜ್ ಕಡೆ ತಿರುಗಿದಳು.

"ಆ ಕಾರ್ಡು ಸತ್ತೇ ಹೋಯ್ತೇನವ್ವಾ?"

"ಇಲ್ಲಮ್ಮಾ. ಸ್ಪಿರಿಟ್ ಹಚ್ಚಿ ಒರೆಸಿದ್ರೆ ಸಂಜೆಗೇ ಓಡತೈತೆ."

ತೌಸೀಫ್ ನಗಲು ಹೋದ. ಒಡೆದ ತುಟಿ ಉರಿಯಿತು. ಆಗ ಅವನಿಗೆ ಅಳು ಬಂತು.