ನಲವತ್ತು ಡಿಗ್ರಿಯಲ್ಲಿ ಅತ್ತೆ

ಒಂದು ಕುರಿ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಂಬುದು ಗಂಭೀರವಾದ ಪ್ರಶ್ನೆ. ಇದಕ್ಕಿಂತ ಸಣ್ಣ ಕಾರಣಗಳಿಗೆ ರಾಜ್ಯಗಳು ಉರುಳಿವೆ. ಸಂಸಾರಗಳಂತೂ ದಿನಾ ಉರುಳುತ್ತವೆ. ಕುರಿ ಸಂಶೋಧನಾ ಕೇಂದ್ರದಲ್ಲಿ ಆ ಬೇಸಿಗೆ ಇದರ ಮುಂದೆ ಬೇರೆ ವಿಷಯವೇ ಇರಲಿಲ್ಲ.

ಏರ್ಪಾಟು ಸರಳವಾಗಿತ್ತು. ದೊಡ್ಡಿಯ ಪಕ್ಕದಲ್ಲಿ ಹೀಟರು ಮತ್ತು ಗಾಜಿನ ಕಿಟಕಿ ಇದ್ದ ಒಂದು ಕೋಣೆ. ಅದರೊಳಗೆ ಒಂದೊಂದೇ ಕುರಿಯನ್ನು ನಲವತ್ತು ಡಿಗ್ರಿ ಸೆಕೆಯಲ್ಲಿ ನಾಲ್ಕು ಗಂಟೆ ನಿಲ್ಲಿಸುವುದು. ಕೇಂದ್ರದ ಡಾಕ್ಟರಮ್ಮ ಕಿಟಕಿಯ ಈಚೆ ಸ್ಟಾಪ್‌ವಾಚು ಹಿಡಿದು ಕೂತು, ಕುರಿಯ ಪಕ್ಕೆ ಎಷ್ಟು ಸಲ ಏರಿಳಿಯುತ್ತದೆಂದು ಎಣಿಸುವುದು. ನಾಲ್ಕು ಗಂಟೆಯ ಕೊನೆಯಲ್ಲಿ ಎಣಿಕೆ ನಿಮಿಷಕ್ಕೆ ನೂರಿಪ್ಪತ್ತರೊಳಗಿದ್ದರೆ ಅದು ಸೆಕೆ ತಾಳುವ ಕುರಿ, ಮಂದೆಯಲ್ಲಿ ಉಳಿಯುತ್ತದೆ. ದಾಟಿದರೆ ಮಾರಾಟ. ಮಾರಾಟವಾದ ಕುರಿ ಎಲ್ಲಿಗೆ ಹೋಗುತ್ತದೆಂದು ಕಡತದಲ್ಲಿ ಯಾರೂ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತು.

ನಲವತ್ತೇಳನೇ ನಂಬರಿನ ಕುರಿ ನೂರ ತೊಂಬತ್ತು ಉಸಿರಾಡಿತು.

ತಾಯಿ ಸತ್ತ ಆ ಮರಿಗೆ ಬಾಟಲಿ ಹಾಲು ಕುಡಿಸಿ ಬೆಳೆಸಿದವನು ಕೇಂದ್ರದ ಕುರಿಗಾಹಿ. ಅತ್ತೆ ಎಂದು ಹೆಸರಿಟ್ಟವನೂ ಅವನೇ. ಹಾಕಿದ ಮೇವನ್ನು ಮೊದಲು ಮೂಸಿ, ಆಮೇಲೆ ಹಾಕಿದವನ ಮುಖವನ್ನೊಮ್ಮೆ ನೋಡಿ, ಕೊನೆಗೆ ದೊಡ್ಡ ಮನಸ್ಸು ಮಾಡಿ ತಿನ್ನುವ ಪ್ರಾಣಿಗೆ ಬೇರೆ ಹೆಸರು ಹೊಳೆಯುವಂತಿರಲಿಲ್ಲ. "ನಿಮ್ಮ ಕಡೆಯವರಲ್ಲಿ ಹೆಸರಿಗೇನು ಬರ ಬಂದಿತ್ತಾ?" ಎಂದು ಕೇಳಿದ ಅವನ ಹೆಂಡತಿ ಆಮೇಲೆ ಆರು ವರ್ಷ ದೊಡ್ಡಿಯ ಕಡೆ ಮುಖ ಹಾಕಿರಲಿಲ್ಲ.

"ಇದು ಸೆಕೆ ಅಲ್ಲ ಡಾಕ್ಟ್ರಮ್ಮ, ಕೋಪ," ಎಂದ ಕುರಿಗಾಹಿ. "ಒಬ್ಬಳನ್ನೇ ಬಿಟ್ಟು ಬಾಗಿಲು ಹಾಕಿದ್ರೆ ಅವಳಿಗಾಗಲ್ಲ."

"ಕೋಪ ಅಳೆಯೋ ಸಲಕರಣೆ ನನ್ನ ಹತ್ರ ಇಲ್ಲ."

"ನನ್ನ ಹತ್ರ ಇದೆ. ಕಿವಿ ನೋಡಿ, ಹಿಂದಕ್ಕೆ ಮಡಚಿದಾಳೆ."

ಡಾಕ್ಟರಮ್ಮ ಖಡಕ್ಕು ಹೆಂಗಸು, ಆದರೆ ನ್ಯಾಯವಂತೆ. ಮಾರನೆಯ ಬೆಳಿಗ್ಗೆ ಹೀಟರು ಹಚ್ಚದೆ, ತಣ್ಣನೆಯ ಕೋಣೆಯಲ್ಲಿ ಅತ್ತೆಯನ್ನು ಬಿಟ್ಟು ಎಣಿಸಿದರು. ನೂರ ಎಪ್ಪತ್ತು. ಮೈಬಿಸಿ ಮಾತ್ರ ಕೂದಲೆಳೆಯಷ್ಟೂ ಏರಿರಲಿಲ್ಲ. ಜೊತೆಗಿರಲೆಂದು ಇನ್ನೊಂದು ಕುರಿಯನ್ನು ಬಿಟ್ಟರು. ಅತ್ತೆ ಅದಕ್ಕೆ ಎರಡು ಸಲ ಗುಮ್ಮಿತು; ಈಗ ಎರಡಕ್ಕೂ ಏದುಸಿರು. ಕೊನೆಗೆ ಕುರಿಗಾಹಿ ಹೋಗಿ ಮಗ್ಗುಲಲ್ಲಿ ಕೂತ. ಐದು ನಿಮಿಷದಲ್ಲಿ ಎಣಿಕೆ ಮೂವತ್ತೆರಡಕ್ಕೆ ಇಳಿಯಿತು.

"ಹಾಗಾದ್ರೆ ಸೆಕೆಯಲ್ಲೂ ನೀವು ಪಕ್ಕದಲ್ಲಿದ್ರೇನೇ ನನಗೆ ನಿಜವಾದ ಅಂಕಿ ಸಿಗೋದು," ಎಂದರು ಡಾಕ್ಟರಮ್ಮ. "ನಾಲ್ಕು ಗಂಟೆ. ಆಗುತ್ತಾ?"

"ಕುರಿಗೇ ಆಗುತ್ತೆ ಅಂದ್ಮೇಲೆ ನನಗೇನು ಧಾಡಿ?"

"ಕುರಿಗೆ ಆಗುತ್ತಾ ಅನ್ನೋದೇ ಪ್ರಶ್ನೆ ಕಣ್ರೀ."

ಮೊದಲನೆಯ ಗಂಟೆ ಕುರಿಗಾಹಿ ಅತ್ತೆಯೊಂದಿಗೆ ಲೋಕಾಭಿರಾಮ ಮಾತಾಡಿದ. ಎರಡನೆಯ ಗಂಟೆಯಲ್ಲಿ ಅಂಗಿ ಕಳಚಿದ. ಮೂರನೆಯದರಲ್ಲಿ ಮಾತು ನಿಂತಿತು. ಅತ್ತೆ ಮೆಲುಕು ಹಾಕುತ್ತ ತೊಂಬತ್ತೆಂಟರಲ್ಲಿ ನಿಂತಿತ್ತು.

ಊಟದ ಡಬ್ಬಿ ತಂದ ಹೆಂಡತಿ ಗಂಡನನ್ನು ಹುಡುಕಿಕೊಂಡು ಬಂದು ಗಾಜಿನಲ್ಲಿ ಇಣುಕಿದಳು.

"ಒಲೆ ಮೇಲಿನ ಹಾಲು ಎರಡು ನಿಮಿಷ ನೋಡ್ಕೊಳ್ಳಿ ಅಂದ್ರೆ ಉರಿ ಉರಿ ಅಂತಾರೆ," ಎಂದಳು ಡಾಕ್ಟರಮ್ಮನಿಗೆ. "ಇಲ್ಲಿ ನೋಡಿದ್ರೆ ತಪಸ್ಸಿಗೆ ಕೂತಿದಾರೆ."

"ಎದ್ದು ಬಂದ್ರೆ ಕುರಿ ಪಾಸಾಗಲ್ಲ. ಪಾಸಾಗದಿದ್ರೆ ಮಾರ್ತಾರೆ," ಎಂದರು ಡಾಕ್ಟರಮ್ಮ.

"ಮಾರಲಿ. ಮಂದೆಗೆ ಅದೊಂದೇ ಕುರಿನಾ?"

ಡಾಕ್ಟರಮ್ಮ ಆಗಲೇ ಕುರಿಯನ್ನು ಬಿಟ್ಟು ಕುರಿಗಾಹಿಯ ಪಕ್ಕೆಯನ್ನು ಎಣಿಸತೊಡಗಿದ್ದರು. ತಪಸ್ವಿ ಗೋಡೆಗೆ ಒರಗಿದ. ಇಬ್ಬರೂ ಸೇರಿ ಅವನ ರಟ್ಟೆ ಹಿಡಿದು ಹೊರಗೆಳೆದು, ನೆರಳಲ್ಲಿ ಕೂರಿಸಿ ತಲೆಗೆ ನೀರು ಸುರಿದರು. ಅಂಗಿ ಮಾತ್ರ ಅವನ ಮುಷ್ಟಿಯಲ್ಲೇ ಇತ್ತು. ಇನ್ನೂ ನಲವತ್ತು ನಿಮಿಷ ಬಾಕಿ. ಒಳಗೆ ಅತ್ತೆ ಬಾಗಿಲ ಕಡೆ ತಿರುಗಿತು. ನೂರ ಹದಿನೈದು. ನೂರ ಮೂವತ್ತು.

"ನನಗೇನಾಗಿಲ್ಲ, ಒಳಗೆ ಹೋಗ್ತೀನಿ," ಎಂದ ಕುರಿಗಾಹಿ. ಎರಡು ಸಲ ಏಳಲು ನೋಡಿ ಎರಡು ಸಲವೂ ಕೂತ.

ಇವತ್ತು ಇದು ಮುಗಿಯದಿದ್ದರೆ ನಾಳೆ ಇದೇ ಮನುಷ್ಯ ಇದೇ ಕೋಣೆಗೆ ಹೋಗಿ ಕೂರುತ್ತಾನೆ ಎಂಬುದರಲ್ಲಿ ಹೆಂಡತಿಗೆ ಅನುಮಾನವಿರಲಿಲ್ಲ. "ಆ ಅಂಗಿ ಕೊಡಿ ಇಲ್ಲಿ," ಎಂದಳು. ಬೆವರಿನಿಂದ ತೊಪ್ಪೆಯಾಗಿದ್ದ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಅತ್ತೆ ಅಂಗಿಯನ್ನು ಮೂಸಿತು. ಆಮೇಲೆ ಅವಳ ಮುಖ ನೋಡಿತು.

"ಏನು ನೋಡ್ತೀಯ? ನಾನೂ ಅದೇ ಮನೆಯವಳೇ," ಎಂದು ಅವಳು ಕೂತಳು. "ನಿನ್ನ ಯಜಮಾನರ ವಿಷಯ ಹೇಳ್ತೀನಿ ಕೇಳು. ಹೋದ ವರ್ಷ ನನಗೆ ಜ್ವರ ಬಂದಿತ್ತು. ಎಷ್ಟು ಹೊತ್ತು ಪಕ್ಕದಲ್ಲಿ ಕೂತಿದ್ರು ಗೊತ್ತಾ? ಕಾಫಿ ಆರೋವರೆಗೆ. ಅದೂ ಅವರ ಕಾಫಿ."

ಅತ್ತೆ ಕಿವಿಯನ್ನು ಮುಂದಕ್ಕೆ ತಂದಿತು. ಹದಿನೆಂಟು ವರ್ಷದ ದಾಂಪತ್ಯ ನಲವತ್ತು ನಿಮಿಷಕ್ಕೆ ಸಾಲದಾಯಿತು ಎಂದೇನೂ ಆಗಲಿಲ್ಲ; ಇನ್ನೂ ಮಿಗುವಂತಿತ್ತು. ಗಾಜಿನಾಚೆಗೂ ಅಷ್ಟಿಷ್ಟು ಕೇಳಿಸುತ್ತಿತ್ತು.

"ಏನಂತಿದಾಳೆ?" ಎಂದ ಕುರಿಗಾಹಿ.

"ಮಾತಾಡಿಸ್ಬೇಡಿ, ಎಣಿಸ್ತಿದೀನಿ," ಎಂದರು ಡಾಕ್ಟರಮ್ಮ.

ಕೊನೆಯ ನಿಮಿಷದ ಎಣಿಕೆ ನೂರ ಹನ್ನೊಂದು. ಕುರಿಯ ಜೊತೆ ಕೋಣೆಯಲ್ಲಿದ್ದವರು ಎಂಬ ಹೊಸ ಸಾಲನ್ನು ನಮೂನೆಯಲ್ಲಿ ಕೈಯಿಂದಲೇ ಸೇರಿಸಿ, ಡಾಕ್ಟರಮ್ಮ ಅದರ ಮುಂದೆ ಬರೆದರು: ಇಬ್ಬರು, ಒಬ್ಬರಾದ ಮೇಲೆ ಒಬ್ಬರು, ಮೊದಲನೆಯವರು ಸೆಕೆ ತಾಳಲಿಲ್ಲ.

ಆ ಬೇಸಿಗೆ ಮಂದೆಯಿಂದ ಆರು ಕುರಿಗಳು ಮಾರಾಟವಾದವು. ನಲವತ್ತೇಳನೇ ನಂಬರು ಅವುಗಳಲ್ಲಿ ಇರಲಿಲ್ಲ.