ರುದ್ರಮೂರ್ತಿ ಮೇಷ್ಟ್ರ ಬಣ್ಣದ ಜೇಬುಗಳು

ರುದ್ರಮೂರ್ತಿ ಮೇಷ್ಟ್ರ ಕಂದು ಕೋಟಿನ ಜೇಬುಗಳನ್ನು ಹೊರಗೆಳೆದರೆ ಓಕುಳಿಯಾಡಿ ಬಂದವರ ಬಟ್ಟೆಯಂತೆ ಕಾಣುತ್ತಿದ್ದವು. ಬಣ್ಣದ ಸೀಮೆಸುಣ್ಣದ ತುಂಡುಗಳು ಸದಾ ಅಲ್ಲಿ. ಮೂರು ದಾರಿ ಕೂಡುವಲ್ಲಿ, ಸರ್ಕ್ಯೂಟಿನ ಸಂಧಿಯನ್ನೇ ಕಂಡವರಂತೆ, ಕ್ಷಣ ನಿಂತೇ ಮುಂದೆ ಹೆಜ್ಜೆಯಿಡುವ ಈ ಮನುಷ್ಯ, ನಿವೃತ್ತರಾದ ಮೇಲೂ ಅಜ್ಜಂಪುರದಿಂದ ಬಸ್ಸು ಹತ್ತಿ ತರೀಕೆರೆಯ ಖಾಸಗಿ ಐಟಿಐ ಒಂದಕ್ಕೆ ವಿದ್ಯುತ್ತಿನ ಪಾಠ ಮಾಡಲು ಬರುತ್ತಿದ್ದರು.

ಹಲಗೆಯ ಮೇಲೆ ಸರ್ಕ್ಯೂಟ್ ಬರೆದು, ತಂತಿಗಳು ಕೂಡುವ ಒಂದೊಂದು ಸಂಧಿಗೂ ಒಂದೊಂದು ಬಣ್ಣ ಬಳಿಯುವುದು ಅವರ ವ್ರತ. ಎರಡು ರೆಸಿಸ್ಟರುಗಳ ತುದಿಗಳಲ್ಲಿ ಒಂದೇ ಬಣ್ಣಗಳ ಜೋಡಿಯಿದ್ದರೆ ಪ್ಯಾರಲಲ್, ಅಂದರೆ ಸಮಾಂತರ ಜೋಡಣೆ. ಎರಡು ಕೂಡುವ ಸಂಧಿಯಲ್ಲಿ ಮೂರನೆಯ ಕವಲು ಇಲ್ಲದಿದ್ದರೆ ಸೀರೀಸ್, ಒಂದರ ಹಿಂದೊಂದು. ಚಿತ್ರದಲ್ಲಿ ಅಕ್ಕಪಕ್ಕ ಕಂಡದ್ದನ್ನೇ ನಂಬಿ ಯಾರಾದರೂ ಪ್ಯಾರಲಲ್ ಎಂದು ಕೂಗಿದರೆ ಸಾಕು: "ಲೇ, ಪಕ್ಕದಾಗೆ ಕುಂತೋರೆಲ್ಲ ನೆಂಟ್ರೇನೋ? ತುದಿ ನೋಡ್ರೋ, ತುದಿ!"

ಹೆಂಡತಿ ಮಲ್ಲಿಕಾಂಬ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ತರಗತಿಯಿಲ್ಲದ ಭಾನುವಾರ ಬಂತೆಂದರೆ ಅವರಿಗೆ ಭಯ. ಹಾಗಾಗಿ ಕಣ್ಣಿಗೆ ಪೊರೆ ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಆಪರೇಷನ್ನಿಗೆಂದು ರಜೆ ಹಾಕಿದರೆ ಬೇರೆಯವರನ್ನು ತಂದು ಕೂರಿಸುತ್ತಾರೆ, ಇದ್ದೊಂದು ತರಗತಿಯೂ ಹೋಗುತ್ತದೆ ಎಂಬ ಅಳುಕು. ನೀಲಿ ಎಡಜೇಬಿಗೆ, ಹಸಿರು ಬಲಜೇಬಿಗೆ ಎಂದು ಗೊತ್ತುಮಾಡಿಕೊಂಡು ತಡವುತ್ತ ಒಂದು ವರ್ಷ ದೂಡಿದರು.

ಜೇಬು ಗೊತ್ತಿತ್ತು, ಹಲಗೆ ಕೈಕೊಟ್ಟಿತು. ಒಂದು ದಿನ ತಾವೇ ಬಣ್ಣ ಬಳಿದ ಎರಡು ರೆಸಿಸ್ಟರುಗಳನ್ನು ತೋರಿಸಿ "ಇವು ಪ್ಯಾರಲಲ್" ಎಂದುಬಿಟ್ಟರು. ಲಿಂಗದಹಳ್ಳಿಯ ಹುಡುಗಿ ಭೂಮಿಕಾ ಎದ್ದು ನಿಂತಳು.

"ಆಗಲ್ಲ ಸಾರ್. ಮೇಲಿನ ತುದಿ ಎರಡೂ ಕೆಂಪೇ. ಕೆಳಗೆ ಒಂದು ನೀಲಿ, ಒಂದು ಹಸಿರು. ನೀವೇ ಬಳ್ದಿದ್ದೀರಲ್ಲ."

ಮೇಷ್ಟ್ರು ಹಲಗೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ತಿರುಗಿದಾಗ ಮುಖದಲ್ಲಿ ನಗುವಿತ್ತು, ಕಣ್ಣಲ್ಲಿ ನೀರೂ ಇತ್ತು.

"ಸರಿಯಾಗಿ ಹೇಳ್ದೆ ಕಣಮ್ಮ. ನಂಗೆ ಎರಡೂ ಒಂದೇ ಥರ ಕಂಡ್ಬಿಡ್ತು."

ತಪ್ಪು ಕಲಿಸಿ ಉಳಿಯುವುದಕ್ಕಿಂತ ಹೋಗುವುದೇ ಮೇಲೆಂದು ಆ ವಾರವೇ ರಜೆ ಬರೆದುಕೊಟ್ಟರು. ಆಪರೇಷನ್ ಚೆನ್ನಾಗಿಯೇ ಆಯಿತು. ಅಷ್ಟರಲ್ಲಿ, ಹೆದರಿದ್ದಂತೆಯೇ, ಐಟಿಐಗೆ ಹೊಸಬರು ಬಂದಿದ್ದರು. ಕಣ್ಣಿನ ಪಟ್ಟಿ ಬಿಚ್ಚಿದ ಮೊದಲ ಭಾನುವಾರ ಮೇಷ್ಟ್ರು ಜಗಲಿಯ ಮೇಲೆ ಕೋಟಿನ ಜೇಬುಗಳನ್ನು ಮಗುಚಿ, ನೀಲಿಯನ್ನೂ ಹಸಿರನ್ನೂ ಬೇರೆ ಬೇರೆ ಇಟ್ಟುಕೊಂಡು ಕುಳಿತಿದ್ದರು.

ತಮ್ಮ ತಪ್ಪನ್ನೇ ಶಿಷ್ಯರು ಹಿಡಿಯುವಷ್ಟು ಚೆನ್ನಾಗಿ ಕಲಿಸುವ ಮೇಷ್ಟ್ರುಗಳ ಪಾಡೇ ಇದು. ಗೆದ್ದ ದಿನವೇ ಅವರ ಕೆಲಸ ಮುಗಿದಿರುತ್ತದೆ. ಗೆದ್ದೆ ಎಂದು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರುವುದಿಲ್ಲ.