ದಾನೇಶ್ವರಿ ಆರಿಸಿದ ಫೋನು

ನಾನೊಂದು ಸ್ಮಾರ್ಟ್‌ಫೋನು. ಹುಟ್ಟಿದ್ದು ಬೆಳ್ಳನೆಯ ದೀಪಗಳ ಕೆಳಗೆ, ಟೋಪಿ ಹಾಕಿಕೊಂಡ ಹುಡುಗಿಯರ ಕೈಯಲ್ಲಿ. ಒಬ್ಬಳು ಗಾಜು ಕೂರಿಸಿದಳು, ಒಬ್ಬಳು ಬೆನ್ನಿಗೆ ಮುಚ್ಚಳ ಬಿಗಿದಳು, ಕೊನೆಯವಳು ಬಗ್ಗಿ "ಹಲೋ, ಹಲೋ" ಎಂದಳು. ಜನರ ಮಾತು ಹೊತ್ತೊಯ್ಯುವುದೇ ನನ್ನ ಬಾಳು ಎಂದುಕೊಂಡೆ. ಮಾತಿಗೆ ಬಾಯಿಯೇ ಬೇಕೆಂದಿಲ್ಲ ಎಂಬುದು ಗದಗಿಗೆ ಬಂದ ಮೇಲೆ ತಿಳಿಯಿತು.

ಅಂಗಡಿಯವನು ನನ್ನ ಹೊಟ್ಟೆಯೊಳಗಿನ ಹಾಡನ್ನೆಲ್ಲ ಜೋರಾಗಿ ಹಚ್ಚಿ, "ಸೌಂಡ್ ಕೇಳ್ರಿ ಅಕ್ಕಾರ, ಮನಿ ಅದರತೈತಿ" ಎಂದ. ಎದುರಿಗಿದ್ದ ತರುಣಿ ಸುಮ್ಮನೆ ಅವನ ತುಟಿ ನೋಡುತ್ತಿದ್ದಳು. ಜೊತೆಗಿದ್ದ ಮುದುಕಿ ಹೇಳಿದಳು: "ಅಕಿಗೆ ಕಿವಿ ಕೇಳಂಗಿಲ್ಲಪ. ನನ್ನ ಮಗಗೂ ಅಷ್ಟ."

ಅಂಗಡಿಯವನು ತಡಬಡಿಸಿದ. ಆ ತರುಣಿ ಮಾತ್ರ ನಮ್ಮನ್ನೆಲ್ಲ ಸಾಲಾಗಿ ಇಡಿಸಿ, ಒಂದೊಂದಕ್ಕೂ ರಿಂಗ್ ಕೊಡಿಸಿ, ಬೆನ್ನ ಮೇಲೆ ಅಂಗೈ ಇಟ್ಟು ನೋಡಿದಳು. ಯಾವುದು ಹೆಚ್ಚು ನಡುಗುತ್ತದೆಂಬುದೇ ಅವಳ ಪರೀಕ್ಷೆ. ನಾನು ಗೆದ್ದೆ.

ಅವಳು ದಾನೇಶ್ವರಿ, ಬೆಟಗೇರಿಯಲ್ಲಿ ಬ್ಲೌಸ್ ಹೊಲಿಯುವವಳು. ಗಂಡ ಮುತ್ತಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಮುದುಕಿ ಅವಳ ಅತ್ತೆ ಗುರುಸಿದ್ದವ್ವ. ಆ ಮನೆಯಲ್ಲಿ ಕಿವಿ ಕೇಳುತ್ತಿದ್ದುದು ಅವಳೊಬ್ಬಳಿಗೇ.

ದಾನೇಶ್ವರಿಯ ಮಾತಿಗೆ ಎರಡೂ ಕೈ ಬೇಕು. ಹಾಗಾಗಿ ನನ್ನನ್ನು ದಾರದ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದಳು. ಕಿವುಡ ಮಕ್ಕಳ ಶಾಲೆಯಲ್ಲಿ ಜೊತೆಗೆ ಓದಿದ ಗೆಳತಿ ಶಾಹೀನ್ ಪರದೆಯ ಮೇಲೆ ಬಂದರೆ ಇಬ್ಬರ ಬೆರಳುಗಳೂ ಗುಬ್ಬಿಗಳಂತೆ ಹಾರುತ್ತಿದ್ದವು. ಅಷ್ಟೊಂದು ಹರಟೆ ನನ್ನ ಮೂಲಕ ಒಂದಿಷ್ಟೂ ಸದ್ದಿಲ್ಲದೆ ಹಾದುಹೋಗುತ್ತಿತ್ತು. ವಿಡಿಯೊ ನೋಡುತ್ತ ಮೈಮರೆತು ಅವಳು ಹಾಲು ಉಕ್ಕಿಸಿದ್ದೂ ಉಂಟು. ಅದರಲ್ಲಿ ನನ್ನ ಪಾಲೂ ಇದೆ. ನೋಡಿದಷ್ಟೂ ಇನ್ನೊಂದನ್ನು ಮುಂದಿಡುವುದು ನನ್ನ ಚಾಳಿ.

ಅತ್ತೆಯ ಮಾತನ್ನು ಅಕ್ಷರ ಮಾಡಿ ಸೊಸೆಗೆ ತೋರಿಸುವುದೂ ನನ್ನದೇ ಕೆಲಸ. ಆದರೆ ನಾನು ಕಲಿತದ್ದು ಪುಸ್ತಕದ ಕನ್ನಡ. "ಸಂತಿಗೆ ಹೋಗಿ ಬರ್ತೇನಿ" ಎಂದು ಗುರುಸಿದ್ದವ್ವ ಹೇಳಿದರೆ "ಶಾಂತಿಗೆ ಹೋಗಿ ಬರುತ್ತೇನೆ" ಎಂದು ಬರೆದೆ. ಅತ್ತೆ ಬದನೆಕಾಯಿ ಹೊತ್ತು ತಂದ ಮೇಲೇ ಸೊಸೆಗೆ ಅರ್ಥವಾದದ್ದು.

ಮುಂದೆ ಮಗಳು ಹುಟ್ಟಿದಳು, ಪ್ರಣತಿ. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ ಎಂದರು ಡಾಕ್ಟರು. ಕೂಸು ಅತ್ತರೆ ಗುರುತಿಸಿ ನಡುಗುವ ಒಂದು ಆ್ಯಪನ್ನು ದಾನೇಶ್ವರಿ ನನ್ನೊಳಗೆ ಹಾಕಿಕೊಂಡಳು. ಚೀಲ ಹೊಲಿದು ಅದರಲ್ಲಿ ನನ್ನನ್ನಿಟ್ಟು ಸೊಂಟಕ್ಕೆ ಕಟ್ಟಿಕೊಂಡಳು. ಕೂಸು ಅಳುತ್ತಿತ್ತು, ನಾನು ನಡುಗುತ್ತಿದ್ದೆ, ಅವಳು ಓಡುತ್ತಿದ್ದಳು. ಅಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.

ಆದರೆ ಚಾರ್ಜು ಇಳಿದಾಗ ಒಳಗಿನ ಒಂದೊಂದೇ ಕೆಲಸವನ್ನು ಮಲಗಿಸುವುದು ನಮ್ಮ ಜಾತಿಯ ಗುಣ. ಮದುವೆ ಸೀಸನ್ನಿನ ಒಂದು ಮಧ್ಯಾಹ್ನ, ಕರೆಂಟು ಹೋಗಿ ಬಂದು ಮಾಡುತ್ತಿದ್ದಾಗ, ಅಳು ಕೇಳುವ ಆ ಕಿವಿಯೇ ಮಲಗಿಬಿಟ್ಟಿತು. ಹೊರಗಿನಿಂದ ನಾನು ಎಚ್ಚರವಾಗಿಯೇ ಕಾಣುತ್ತಿದ್ದೆ. ದಾನೇಶ್ವರಿ ನನ್ನನ್ನು ನಂಬಿ ಕಾಲಲ್ಲಿ ಮಷಿನ್ ತುಳಿಯುತ್ತಿದ್ದಳು. ಒಳಕೋಣೆಯಲ್ಲಿ ಕೂಸು ಅತ್ತು ಅತ್ತು ಉಸಿರುಗಟ್ಟುತ್ತಿತ್ತು. ನೀರಿಗೆ ಹೋಗಿದ್ದ ಗುರುಸಿದ್ದವ್ವ ಕೊಡ ಬಾಗಿಲಲ್ಲೇ ಬಿಟ್ಟು ಒಳಗೆ ನುಗ್ಗಿದಳು.

ಸಂಜೆ ಅವಳು ನನ್ನ ಮುಂದೆ ಕುಳಿತು ನಿಧಾನವಾಗಿ ಹೇಳಿದಳು, "ಐತವಾರ ಕಸ್ತೂರಿ ಬರ್ತಾಳ. ಕೂಸಿನ್ನ ಧಾರವಾಡಕ್ಕ ಕರಕೊಂಡು ಹೋಗ್ತಾಳ. ಎರಡ ವರ್ಷ ಅಲ್ಲೇ ಬೆಳೀಲಿ. ಅತ್ರ ಕೇಳೋರಿರ್ತಾರ, ಮಾತು ಕಲಸೋರಿರ್ತಾರ." ಕಸ್ತೂರಿ ಅವಳ ಮಗಳು, ಮುತ್ತಣ್ಣನ ಅಕ್ಕ.

ಅವತ್ತು ನಾನು ಒಂದಕ್ಷರವೂ ತಪ್ಪಲಿಲ್ಲ. ದಾನೇಶ್ವರಿ ಓದಿದಳು. ಮುತ್ತಣ್ಣನೂ ಓದಿ ತಲೆ ತಗ್ಗಿಸಿದ. ಅವಳು ಟೈಪ್ ಮಾಡಿ, ನನ್ನ ದನಿಯನ್ನು ಪೂರ್ತಿ ಏರಿಸಿದಳು. "ನನ್ನ ಮಗಳು ನನ್ನ ಹತ್ತಿರವೇ ಇರುತ್ತಾಳೆ" ಎಂದು ನಾನು ಕೂಗಿದೆ.

"ಇದರ ಬಾಯಿಲೆ ಹೇಳಸಬ್ಯಾಡ," ಎಂದಳು ಗುರುಸಿದ್ದವ್ವ. ಅವಳ ಕಣ್ಣಲ್ಲಿ ನೀರಿತ್ತು. "ಇದನ್ನ ನಂಬಿದ್ದಕ್ಕ ಇವತ್ತ ಹಿಂಗಾತು. ನಿನ್ನ ಮ್ಯಾಲೆ ಸಿಟ್ಟಿಲ್ಲವ್ವ. ನನಗ ಅಂಜಿಕಿ."

ದಾನೇಶ್ವರಿ ಅಳುತ್ತ ಕೂರಲಿಲ್ಲ. ನನ್ನನ್ನು ಚಾರ್ಜಿಗೆ ಹಾಕಿ, ಡಬ್ಬಿಗೆ ಒರಗಿಸಿ, ಶಾಹೀನಳನ್ನು ಕರೆದಳು. ಶಾಹೀನ್ ಇಬ್ಬರು ಮಕ್ಕಳನ್ನು ಸಾಕಿದವಳು. ಎಲ್ಲ ತಿಳಿದ ಮೇಲೆ ಅವಳ ಬೆರಳುಗಳು ಬೈದವು: "ಫೋನು ಒಂದೇ ಕಿವಿ. ಒಂದೇ ಕಿವಿಯನ್ನು ಯಾರಾದರೂ ನಂಬುತ್ತಾರೇನೇ? ದಾರದವಳು ನೀನು, ದಾರ ಕಟ್ಟಿಕೋ."

ಮರುದಿನ ಅವಳು ಮಷಿನ್ನನ್ನು ಎಳೆದು ಒಳಕೋಣೆಯ ಬಾಗಿಲಿಗೆ ಎದುರಾಗಿ ಇಟ್ಟಳು. ಒಲೆಯ ಮುಂದೆ ನಿಂತರೂ ಕೂಸು ಕಾಣುವಂತೆ ಗೋಡೆಗೆ ಕನ್ನಡಿ ಬಡಿದಳು. ಕೂಸಿನ ಜೋಲಿಗೆ ಹತ್ತಿಯ ಹುರಿ ಕಟ್ಟಿ, ಬಾಗಿಲ ಚಿಲಕದ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡಳು. ಹುರಿ ಮೊದಲು ಸಡಿಲವಾಯಿತು, ಮತ್ತೆ ಬಿಗಿಯಾಯಿತು. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಕೂಸು ಹೊರಳಿದರೂ ಕೈಗೆ ತಿಳಿಯುವಷ್ಟು ಹದಕ್ಕೆ ತಂದಳು. ಗುರುಸಿದ್ದವ್ವ ನೋಡಿಯೂ ನೋಡದಂತೆ ಅಕ್ಕಿ ಆರಿಸುತ್ತಿದ್ದಳು.

ಭಾನುವಾರ ಕಸ್ತೂರಿ ಖಾಲಿ ಬ್ಯಾಗು ಹಿಡಿದು ಬಂದಳು. ದಾನೇಶ್ವರಿ ಚಹಾ ಕೊಟ್ಟು, ಹುರಿಯನ್ನು ಮುಂಗೈಗೆ ಸುತ್ತಿಕೊಂಡು ಎದುರಿಗೇ ಕುಳಿತಳು. ನಾನು ಕಿಟಕಿಯ ಮೇಲಿದ್ದೆ. ತಾಯಿ ಮಗಳು ಕೂಸಿನ ಹಾಲು, ಬಟ್ಟೆ, ಔಷಧದ ಮಾತಾಡುತ್ತಿದ್ದರು. ಇದ್ದಕ್ಕಿದ್ದಂತೆ ದಾನೇಶ್ವರಿ ಎದ್ದು ಒಳಗೆ ಹೋದಳು. ಬಂದಾಗ ಪ್ರಣತಿ ಅವಳ ಹೆಗಲ ಮೇಲಿದ್ದಳು. ಕಣ್ಣು ತೆರೆದಿದ್ದವು, ಬಾಯಿ ಅಳುವುದಕ್ಕೆ ಇನ್ನೂ ತಯಾರಾಗುತ್ತಿತ್ತು.

ಕಸ್ತೂರಿ ಚಹಾದ ಲೋಟ ಕೆಳಗಿಟ್ಟಳು. "ಯವ್ವಾ, ಕೂಸು ಇನ್ನೂ ಅತ್ತೇ ಇಲ್ಲ. ನಿನಗ ಏನರ ಕೇಳಸ್ತೇನು?"

ಗುರುಸಿದ್ದವ್ವ ಚಿಲಕದ ಮೇಲಿನ ಹುರಿಯತ್ತ ನೋಡಿದಳು. "ಇಲ್ಲ," ಎಂದಳು.

"ಮತ್ತ ನಾ ಯಾಕ ಕರಕೊಂಡ ಹೋಗ್ಲಿ?"

"ಮಾತು? ಮಾತು ಯಾರು ಕಲಸ್ತಾರ?"

ಈ ಪ್ರಶ್ನೆಯನ್ನು ದಾನೇಶ್ವರಿ ನನ್ನಲ್ಲಿ ಓದಲಿಲ್ಲ, ಅತ್ತೆಯ ತುಟಿಯ ಮೇಲೇ ಓದಿದಳು. ನೇರವಾಗಿ ನಡೆದು ಬಂದು ಕೂಸನ್ನು ಅವಳ ಮಡಿಲಲ್ಲಿಟ್ಟಳು. ಆಮೇಲೆ ಬೆರಳು ಚಾಚಿ ಅತ್ತೆಯನ್ನೇ ತೋರಿಸಿದಳು.

ಕಸ್ತೂರಿ ಖಾಲಿ ಬ್ಯಾಗಿನೊಂದಿಗೇ ಹಿಂತಿರುಗಿದಳು.

ವರ್ಷಗಳು ಹೋದವು. ನನ್ನ ಗಾಜು ಸೀಳಿದೆ, ಬ್ಯಾಟರಿ ಸುಸ್ತಾಗಿದೆ. ದಾನೇಶ್ವರಿ ಹೊಸದನ್ನು ಕೊಂಡಳು, ನಾನು ಗುರುಸಿದ್ದವ್ವನ ಪಾಲಾದೆ. ಸಂತೆ, ಶಾಂತಿಗಳ ವ್ಯತ್ಯಾಸ ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ನನ್ನಿಂದ ಆಗುವುದು ಸ್ವಲ್ಪ. ಉಳಿದದ್ದನ್ನು ಜನರೇ ಹಟ ಹಿಡಿದು ಮಾಡಿಕೊಳ್ಳಬೇಕು. ಹಾಗೆ ಮಾಡಿಕೊಂಡವರ ಮನೆಯಲ್ಲಿ ಮುದಿಯಾದೆನೆಂಬ ಸಮಾಧಾನ ನನಗಿದೆ.

ಮೊನ್ನೆ ಮಗಳ ಮನೆಗೆಂದು ಗುರುಸಿದ್ದವ್ವ ಧಾರವಾಡಕ್ಕೆ ಬಂದಳು. ಬಂದವಳೇ ನನ್ನನ್ನು ತಂಬಿಗೆಗೆ ಒರಗಿಸಿ ಸೊಸೆಗೆ ವಿಡಿಯೊ ಕಾಲ್ ಹಚ್ಚಿದಳು. ದಾನೇಶ್ವರಿ ಕಂಡಳು. ಮುದುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಎತ್ತಿ ಏನೋ ಕೇಳಿದಳು. "ಊಟ ಆತೇನು" ಎಂಬುದು ಅವಳ ಕೈಸನ್ನೆಯಲ್ಲಿ "ಜಗಳ ಆತೇನು" ಎಂದಾಗಿಬಿಟ್ಟಿತು. ಆಚೆ ದಾನೇಶ್ವರಿ ಬಿದ್ದು ಬಿದ್ದು ನಕ್ಕಳು. ಅವಳ ಪಕ್ಕದಲ್ಲಿದ್ದ ಪುಟ್ಟ ಪ್ರಣತಿ, "ಹಂಗಲ್ಲ ಅಜ್ಜಿ, ಹಿಂಗ" ಎಂದು ಬಾಯಲ್ಲೂ ಹೇಳಿ ಕೈಯಲ್ಲೂ ತೋರಿಸಿದಳು.

"ತಡಿಯವ್ವ, ಮತ್ತೊಮ್ಮೆ ಮಾಡ್ತೇನಿ," ಎಂದ ಗುರುಸಿದ್ದವ್ವ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಮೊದಲಿನಿಂದ ಶುರುಮಾಡಿದಳು.